ಓದದೇ ಅಚ್ಚು ಹಾಕುವ ಜರ್ನಲ್ ಸರ್ವಿಸ್: ದಾವಣಗೆರೆಯಿಂದ ಒಂದು ರಿವ್ಯೂ, ಐದಕ್ಕೆ ಒಂದು ಸ್ಟಾರ್

ಥೀಸಿಸ್ ಟೈಪಿಂಗ್, ಬೈಂಡಿಂಗ್, ಪ್ಲೇಜಿಯರಿಸಂ (ಬೇರೆಯವರ ಬರಹ ಕದ್ದಿದೆಯಾ ಅಂತ) ಚೆಕ್ ಮಾಡಿಕೊಡುವ ಡಿಟಿಪಿ ಅಂಗಡಿಗಳು ದಾವಣಗೆರೆಯಲ್ಲಿ ಬೇಕಾದಷ್ಟಿವೆ. ಇತ್ತೀಚೆಗೆ ಕೆಲವರು ‘ಜರ್ನಲ್ ಪಬ್ಲಿಕೇಷನ್’ ಅಂತಲೂ ಬೋರ್ಡಿನಲ್ಲಿ ಸೇರಿಸಿದ್ದಾರೆ. ನೀವು ಪೇಪರ್, ಅಂದರೆ ಸಂಶೋಧನಾ ಲೇಖನ, ಕೊಟ್ಟರೆ ಸಾಕು, ಯಾವ ಜರ್ನಲ್ (ಸಂಶೋಧನಾ ಪತ್ರಿಕೆ) ಅಂತ ಅವರೇ ನೋಡಿ, ಕಳಿಸಿ, ಅಚ್ಚಾದ ಮೇಲೆ ಪಿಡಿಎಫ್ ಮತ್ತು ಸರ್ಟಿಫಿಕೇಟ್ ಕೈಗೆ ಕೊಡುತ್ತಾರೆ. ನಾನು ಬರೆಯುತ್ತಿರುವುದು ಅಂಥ ಒಂದು ಅಂಗಡಿ ಮತ್ತು ಅದರ ಹಿಂದಿರುವ ಜರ್ನಲ್ ಬಗ್ಗೆ. ಅಂಗಡಿ ಹೆಸರು ಹಾಕುವುದಿಲ್ಲ, ಜರ್ನಲ್ ಹೆಸರನ್ನೂ ಹಾಕುವುದಿಲ್ಲ. ದೂರು ಕೊಡುವ ಕೆಲಸ ನಡೀತಾ ಇದೆ, ಅದು ಮುಗಿಯುವ ಮೊದಲು ಹೆಸರು ಎಳೆದು ತರುವುದು ಸರಿ ಅಲ್ಲ. ಆದರೆ ಕೆಲಸ ಹೇಗೆ ನಡೆಯುತ್ತದೆ ಅನ್ನುವುದನ್ನು ಪೂರ್ತಿ ಹೇಳುತ್ತೇನೆ. ಶಿವಗಂಗೋತ್ರಿಯಲ್ಲಿ, ಅಂದರೆ ದಾವಣಗೆರೆ ಯೂನಿವರ್ಸಿಟಿಯಲ್ಲಿ, ಪಿಎಚ್‌ಡಿ ಮಾಡುತ್ತಿರುವವರು, ಚಿತ್ರದುರ್ಗ ಕಡೆಯಿಂದ ಬಂದು ಹೋಗಿ ಮಾಡುವವರು, ಕಾಲೇಜುಗಳಲ್ಲಿ ಪ್ರಮೋಷನ್‌ಗೆ ಪೇಪರ್ ಬೇಕಾದವರು ಇದನ್ನು ಓದಲೇಬೇಕು.

ಒಂದು ಸ್ಟಾರ್ ಯಾಕೆ ಅಂದರೆ ಟೈಪಿಂಗ್ ಚೆನ್ನಾಗಿದೆ. ಬೈಂಡಿಂಗ್ ಕೂಡ ಗಟ್ಟಿ. ಹುಡುಗರು ಮರ್ಯಾದೆಯಿಂದ ಮಾತಾಡುತ್ತಾರೆ, ಹೇಳಿದ ಟೈಮಿಗೆ ಕೊಡುತ್ತಾರೆ. ಅಷ್ಟಕ್ಕೇ ನಿಂತಿದ್ದರೆ ನಾಲ್ಕು ಸ್ಟಾರ್ ಕೊಡುತ್ತಿದ್ದೆ.

ಪೇಪರ್ ಕೊಟ್ಟವಳು ನನ್ನ ಹಳೇ ವಿದ್ಯಾರ್ಥಿನಿ. ಈಗ ಅತಿಥಿ ಉಪನ್ಯಾಸಕಿ, ಪಾಠದ ಜೊತೆ ಪಿಎಚ್‌ಡಿ ಮಾಡುತ್ತಿದ್ದಾಳೆ. ನಮ್ಮೂರಿನ ಮಂಡಕ್ಕಿ ಭಟ್ಟಿಗಳಲ್ಲಿ ಕೆಲಸ ಮಾಡುವ ಹೆಂಗಸರ ಕೂಲಿ ಮತ್ತು ಆರೋಗ್ಯ ಅವಳ ವಿಷಯ. ಸುಮ್ನೆ ಪುಸ್ತಕ ನೋಡಿ ಬರೆದದ್ದಲ್ಲ. ನಸುಕಿನಲ್ಲಿ ಭಟ್ಟಿಗೆ ಹೋಗಿ, ಹೊಗೆಯಲ್ಲಿ, ಬಿಸಿ ಮರಳಿನ ಕಾವಿನಲ್ಲಿ ನಿಂತು, ಕೆಲಸದವರ ಜೊತೆ ಮಾತಾಡಿ, ಯಾರಿಗೆ ಎಷ್ಟು ಕೂಲಿ, ಯಾವಾಗ ಕೆಮ್ಮು ಶುರುವಾಯಿತು, ಆಸ್ಪತ್ರೆಗೆ ಹೋದರೆ ಆ ದಿನದ ಕೂಲಿ ಯಾರು ಕೊಡುತ್ತಾರೆ ಅಂತೆಲ್ಲಾ ಕೇಳಿ ಬರೆದುಕೊಂಡು ಬಂದಿದ್ದಾಳೆ. ನಾನು ಆ ನೋಟ್‌ಬುಕ್‌ಗಳನ್ನು ನೋಡಿದ್ದೇನೆ. ಮಂಡಕ್ಕಿ ಮಿರ್ಚಿ ತಿನ್ನದ ದಾವಣಗೆರೆಯವರು ಯಾರಿದ್ದಾರೆ, ಆದರೆ ಆ ಭಟ್ಟಿಯ ಒಳಗಿನ ಲೆಕ್ಕ ಹೀಗೆ ಕೂತು ಬರೆದವರು ಕಡಿಮೆ. ಒಳ್ಳೆ ಕೆಲಸ. ಒಳ್ಳೆ ಜರ್ನಲ್‌ನಲ್ಲಿ ಬರಬೇಕಾಗಿದ್ದ ಕೆಲಸ.

ಅಂಗಡಿಯವರು ಅವಳಿಂದ 3,500 ರೂಪಾಯಿ ‘ಪ್ರೊಸೆಸಿಂಗ್ ಚಾರ್ಜ್’ ತಗೊಂಡರು. ಸರ್ಟಿಫಿಕೇಟ್‌ಗೆ ಬೇರೆ ದುಡ್ಡು. ‘ಇಂಟರ್‌ನ್ಯಾಷನಲ್ ಜರ್ನಲ್ ಮೇಡಂ, ಪೀರ್ ರಿವ್ಯೂ ಇದೆ, ಐಎಸ್‌ಎಸ್‌ಎನ್ ಇದೆ, ಇಂಪ್ಯಾಕ್ಟ್ ಫ್ಯಾಕ್ಟರ್ ಏಳರ ಮೇಲಿದೆ’ ಅಂದರು. ಪೀರ್ ರಿವ್ಯೂ ಅಂದರೆ ಅದೇ ವಿಷಯ ಬಲ್ಲ ಬೇರೆಯವರು ಅಚ್ಚಿಗೆ ಮೊದಲು ಪೇಪರ್ ಓದಿ ತೂಗಿ ನೋಡುವುದು. ಇಂಪ್ಯಾಕ್ಟ್ ಫ್ಯಾಕ್ಟರ್ ಅಂದರೆ ಜರ್ನಲ್‌ನ ಪೇಪರ್‌ಗಳನ್ನು ಬೇರೆ ಪೇಪರ್‌ಗಳು ಎಷ್ಟು ಉಲ್ಲೇಖಿಸುತ್ತವೆ ಅನ್ನುವ ಅಳತೆ. ಸೋಮವಾರ ಪೇಪರ್ ಹೋಯಿತು. ಬುಧವಾರ ಸಂಜೆ ‘ಅಕ್ಸೆಪ್ಟ್ ಆಗಿದೆ’ ಅಂತ ಪತ್ರ ಬಂತು, ಜೊತೆಗೆ ಒಂದು ರಿವ್ಯೂ ಫಾರಂ. ಆ ಫಾರಂ ನನ್ನ ಹತ್ತಿರ ಇದೆ. ಹೊಸತನ: ಚೆನ್ನಾಗಿದೆ. ಭಾಷೆ: ಚೆನ್ನಾಗಿದೆ. ವಿಧಾನ: ಚೆನ್ನಾಗಿದೆ. ಕೊನೆಗೆ ‘ಪ್ರಕಟಣೆಗೆ ಯೋಗ್ಯ’ ಅಂತ ಒಂದು ಸಾಲು. ಭಟ್ಟಿ ಅನ್ನುವ ಮಾತಿಲ್ಲ, ಕೂಲಿ ಅನ್ನುವ ಮಾತಿಲ್ಲ, ದಾವಣಗೆರೆ ಅನ್ನುವ ಮಾತೂ ಇಲ್ಲ. ಯಾವ ಪೇಪರಿಗೆ ಬೇಕಾದರೂ ಅಂಟಿಸಬಹುದಾದ ಫಾರಂ ಅದು.

ಅಚ್ಚಾದ ಪಿಡಿಎಫ್ ತೆಗೆದು ನೋಡಿದಾಗ ಮೂರನೇ ಪುಟದಲ್ಲಿ ಒಂದು ಸಾಲು ಪೂರ್ತಿ ಗಜಿಬಿಜಿ. ಇಂಗ್ಲಿಷ್ ಅಕ್ಷರ, ಕಾಮಾ, ಏನೇನೋ ಚಿಹ್ನೆ. ಏನಿದು ಅಂತ ಅವಳ ಮೂಲ ಫೈಲ್ ತೆಗೆಸಿದೆ. ಅದು ಅವಳು ತನಗೆ ತಾನೇ ‘ನುಡಿ’ ಕನ್ನಡ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿಕೊಂಡಿದ್ದ ಟಿಪ್ಪಣಿ: ‘ಇಲ್ಲಿ ಕೂಲಿ ಟೇಬಲ್ ಹಾಕಬೇಕು.’ ಫಾಂಟ್ ಬದಲಾದ ಕೂಡಲೇ ನುಡಿ ಅಕ್ಷರ ಹಾಗೆ ಆಗುತ್ತದೆ, ಕನ್ನಡ ಟೈಪ್ ಮಾಡುವವರಿಗೆಲ್ಲಾ ಇದು ಗೊತ್ತು. ಟೇಬಲ್ ಇಲ್ಲ, ಟೇಬಲ್ ಹಾಕಬೇಕು ಅನ್ನುವ ನೆನಪಿನ ಸಾಲು ಮಾತ್ರ ಅಚ್ಚಾಗಿದೆ. ಇಡೀ ಪೇಪರ್ ನಿಂತಿರುವುದೇ ಆ ಟೇಬಲ್ ಮೇಲೆ. ರಿವ್ಯೂ ಮಾಡಿದವರು ಒಬ್ಬರಾದರೂ ಓದಿದ್ದರೆ, ಸಂಪಾದಕರು ಕಣ್ಣಾಡಿಸಿದ್ದರೆ, ಪೇಜ್ ಮಾಡಿದ ಹುಡುಗನಾದರೂ ನೋಡಿದ್ದರೆ ‘ಮೇಡಂ ಇದೇನು?’ ಅಂತ ಒಂದು ಮೆಸೇಜ್ ಬರುತ್ತಿತ್ತು. ಬರಲಿಲ್ಲ.

ಅದಕ್ಕಿಂತ ದೊಡ್ಡದು ಮೊದಲನೇ ಪುಟದಲ್ಲಿತ್ತು. ಲೇಖಕರ ಜಾಗದಲ್ಲಿ ಇವಳ ಹೆಸರು, ಗೈಡ್ ಹೆಸರು, ಆಮೇಲೆ ಮೂರನೆಯದಾಗಿ ಯಾವುದೋ ಬೇರೆ ರಾಜ್ಯದ ಕಾಲೇಜಿನ ಒಬ್ಬರ ಹೆಸರು. ಇವಳಿಗೆ ಅವರು ಗೊತ್ತಿಲ್ಲ, ಗೈಡ್‌ಗೂ ಗೊತ್ತಿಲ್ಲ. ಮಂಡಕ್ಕಿ ಭಟ್ಟಿ ಹೇಗಿರುತ್ತದೆ ಅಂತ ಆ ಮನುಷ್ಯ ನೋಡಿರುವುದೂ ಅನುಮಾನ. ನಾನು, ಅವಳು ಇಬ್ಬರೂ ಅಂಗಡಿಗೆ ಹೋಗಿ ಕೇಳಿದೆವು. ‘ಅದು ಜರ್ನಲ್‌ನವರು ಸೇರಿಸಿರ್ತಾರೆ ಮೇಡಂ, ಮೂರನೇ ಹೆಸರು ಇದ್ರೆ ನಿಮಗೇನು ನಷ್ಟ?’ ಅಂದರು. ನಷ್ಟ ಏನು ಅಂದರೆ, ಬೇರೆಯವರ ದುಡಿಮೆಯಲ್ಲಿ ಹೆಸರಿನ ಜಾಗ ಮಾರುವ ದಂಧೆ ಅದು. ಪ್ರಪಂಚದಲ್ಲೆಲ್ಲಾ ನಡೀತಾ ಇದೆ. ಪೇಪರ್ ಮಿಲ್ ಅಂತ ಅದಕ್ಕೆ ಹೆಸರೂ ಇದೆ, ಪೇಪರ್ ತಯಾರಿಸಿ ಮಾರುವುದು, ಲೇಖಕರ ಹೆಸರಿನ ಸ್ಥಾನಕ್ಕೆ ರೇಟು ಕಟ್ಟುವುದು ಎಲ್ಲಾ ಸೇರಿ. ನಾಳೆ ಆ ಮೂರನೇ ವ್ಯಕ್ತಿ ಇದೇ ಪೇಪರ್ ತೋರಿಸಿ ಪ್ರಮೋಷನ್ ತಗೊಂಡರೆ, ನಸುಕಿನಲ್ಲಿ ಭಟ್ಟಿಗೆ ಹೋಗಿ ಬಂದವಳ ಕೆಲಸದ ಮೇಲೆ ತಗೊಂಡ ಹಾಗೆ.

ಸರಿ, ಸಂಪಾದಕರನ್ನೇ ಕೇಳೋಣ ಅಂತ ಜರ್ನಲ್‌ನ ವೆಬ್‌ಸೈಟ್ ನೋಡಿದೆ. ಒಂದು ಜಿಮೇಲ್, ಒಂದು ವಾಟ್ಸಾಪ್ ನಂಬರ್. ಊರು ಇಲ್ಲ, ವಿಳಾಸ ಇಲ್ಲ. ತಪ್ಪಾದರೆ ಯಾರಿಗೆ ಹೇಳಬೇಕು, ಪೇಪರ್ ವಾಪಸ್ ತೆಗೆಯುವ ನಿಯಮ ಏನು, ಒಂದು ಸಾಲೂ ಇಲ್ಲ. ಆದರೆ ಎಡಿಟೋರಿಯಲ್ ಬೋರ್ಡ್ ಅಂತ ಉದ್ದ ಪಟ್ಟಿ ಇದೆ. ಅದರಲ್ಲಿ ಚಿತ್ರದುರ್ಗದಲ್ಲಿರುವ, ನನಗೆ ಪಾಠ ಹೇಳಿದ ಮೇಷ್ಟ್ರ ಹೆಸರು ಕಂಡು ನನಗೆ ಗಾಬರಿಯೇ ಆಯಿತು. ಫೋನ್ ಮಾಡಿದೆ. ‘ನನ್ನನ್ನ ಯಾರೂ ಕೇಳೇ ಇಲ್ಲವಲ್ಲಮ್ಮಾ, ಅಂಥ ಜರ್ನಲ್ ಇರೋದೇ ಗೊತ್ತಿಲ್ಲ’ ಅಂದರು. ರಿಟೈರ್ ಆಗಿ ಎಷ್ಟೋ ವರ್ಷ ಆಗಿದೆ. ಜೀವಮಾನದಲ್ಲಿ ಒಬ್ಬರ ಸಾಲು ಕದ್ದವರಲ್ಲ, ವಿದ್ಯಾರ್ಥಿಗಳ ಪ್ರಬಂಧವನ್ನು ಕೆಂಪು ಪೆನ್ನಿನಲ್ಲಿ ತಿದ್ದಿ ತಿದ್ದಿ ಕಣ್ಣು ಸೋತವರು. ಅವರ ಹೆಸರು ತೋರಿಸಿ ಈ ಅಂಗಡಿ ದುಡ್ಡು ವಸೂಲಿ ಮಾಡುತ್ತಿದೆ. ಅವರು ಹೆಸರು ತೆಗೆಯಿರಿ ಅಂತ ಮೇಲ್ ಹಾಕಿದರು. ಉತ್ತರ ಬಂದಿಲ್ಲ. ಹೆಸರು ಇನ್ನೂ ಅಲ್ಲೇ ಇದೆ. ಇಡೀ ವ್ಯವಹಾರದಲ್ಲಿ ನನಗೆ ಹೊಟ್ಟೆ ಉರಿದದ್ದು ಇದಕ್ಕೇ ಜಾಸ್ತಿ.

ನಾವು ಮೇಲ್ ಮೇಲೆ ಮೇಲ್ ಹಾಕಿದ ಮೇಲೆ ಒಂದು ಬದಲಾವಣೆ ಆಯಿತು. ಆ ಗಜಿಬಿಜಿ ಸಾಲು ಮಾಯವಾಯಿತು. ಅದೇ ಲಿಂಕ್, ಅದೇ ಪುಟ ಸಂಖ್ಯೆ, ಅದೇ ತಾರೀಖು, ಒಳಗಿನ ಪಿಡಿಎಫ್ ಮಾತ್ರ ಬೇರೆ. ಟೇಬಲ್ ಆಗಲೂ ಇಲ್ಲ. ಮೂರನೇ ಹೆಸರು ಹಾಗೇ ಇದೆ. ತಿದ್ದಿದ್ದೇವೆ ಅಂತ ಎಲ್ಲೂ ಒಂದು ಮಾತು ಇಲ್ಲ. ಇದು ಸಣ್ಣ ವಿಷಯ ಅನ್ನಿಸಬಹುದು, ಆದರೆ ಅಲ್ಲ. ಅಚ್ಚಾದ ಪೇಪರ್ ಅಂದರೆ ದಾಖಲೆ. ಅದರಲ್ಲಿ ತಪ್ಪು ಕಂಡರೆ ಸರಿಯಾದ ಜರ್ನಲ್ ‘ಇಂಥ ಪುಟದಲ್ಲಿ ಇಂಥ ತಪ್ಪಾಗಿದೆ, ಹೀಗೆ ಓದಿಕೊಳ್ಳಿ’ ಅಂತ ತಿದ್ದುಪಡಿ ಪ್ರಕಟಿಸುತ್ತದೆ. ಪೇಪರ್ ನಂಬಲು ಆಗದಷ್ಟು ಕೆಟ್ಟಿದ್ದರೆ ರಿಟ್ರಾಕ್ಟ್ ಮಾಡುತ್ತದೆ, ಆಗಲೂ ಪೇಪರನ್ನು ಅಳಿಸಿ ಹಾಕುವುದಿಲ್ಲ, ಮೇಲೆ ‘ರಿಟ್ರಾಕ್ಟೆಡ್’ ಅಂತ ಮುದ್ರೆ ಹಾಕಿ, ಯಾಕೆ ಅಂತ ಕಾರಣ ಬರೆದು ಇಡುತ್ತದೆ. ರಾತ್ರೋರಾತ್ರಿ ಪಹಣಿ ತಿದ್ದಿದರೆ ನಾವು ಸುಮ್ಮನಿರುತ್ತೇವಾ? ಇದೂ ಹಾಗೇ.

ಕೊನೆಗೆ ಪೇಪರ್ ವಾಪಸ್ ತೆಗೆಯಿರಿ ಅಂದೆವು. ಅದಕ್ಕೆ 8,000 ರೂಪಾಯಿ ‘ವಿತ್‌ಡ್ರಾ ಫೀಸು’ ಕೇಳಿದರು! ಅಚ್ಚು ಹಾಕಲು 3,500, ತೆಗೆಯಲು ಅದರ ಎರಡು ಪಟ್ಟಿಗಿಂತ ಜಾಸ್ತಿ. ತೆಗೆಯದೇ ಇದ್ದರೆ ಅವಳು ಈ ಪೇಪರನ್ನು ಬೇರೆ ಕಡೆ ಕಳಿಸುವ ಹಾಗಿಲ್ಲ. ಒಮ್ಮೆ ಪ್ರಕಟವಾದದ್ದನ್ನು ಮತ್ತೊಂದು ಜರ್ನಲ್‌ಗೆ ಹೊಸದು ಅಂತ ಕಳಿಸುವುದು ತಪ್ಪು, ಅವಳು ಹಾಗೆ ಮಾಡುವವಳೂ ಅಲ್ಲ. ಅಂದರೆ ಅವಳ ಕೆಲಸ ಅಲ್ಲಿ ಸಿಕ್ಕಿಹಾಕಿಕೊಂಡಿದೆ.

ಇದು ನಮ್ಮೂರಿನ ಒಂದು ಅಂಗಡಿಯ ಕಥೆ ಮಾತ್ರ ಅಂದುಕೊಳ್ಳಬೇಡಿ. ಜರ್ನಲ್‌ಗಳನ್ನು ನಡೆಸುವ ಹೈದರಾಬಾದಿನ ಓಮಿಕ್ಸ್ ಕಂಪನಿ ಮೇಲೆ, ಗ್ರಾಹಕರಿಗೆ ಮೋಸ ಆಗದಂತೆ ನೋಡುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2016ರಲ್ಲಿ ಕೇಸು ಹಾಕಿತು. ಆರೋಪಗಳು ಏನು ಗೊತ್ತಾ? ಪೀರ್ ರಿವ್ಯೂ ಮಾಡುತ್ತೇವೆ ಅಂತ ಹೇಳಿ ಮಾಡುವುದಿಲ್ಲ, ಒಪ್ಪಿಗೆ ಕೊಡದವರ ಹೆಸರನ್ನು ಸಂಪಾದಕರ ಪಟ್ಟಿಯಲ್ಲಿ ಹಾಕುತ್ತಾರೆ, ಫೀಸಿನ ವಿಷಯ ಮೊದಲೇ ಹೇಳುವುದಿಲ್ಲ, ಪೇಪರ್ ವಾಪಸ್ ಕೇಳಿದರೆ ಕೊಡುವುದಿಲ್ಲ. 2019ರ ಮಾರ್ಚ್‌ನಲ್ಲಿ ಅಲ್ಲಿನ ಕೋರ್ಟು 5 ಕೋಟಿ ಡಾಲರಿಗೂ ಜಾಸ್ತಿ ಕಟ್ಟಬೇಕು ಅಂತ ತೀರ್ಪು ಕೊಟ್ಟಿತು. ಅದನ್ನು ಓದಿದಾಗ ನಮ್ಮ ಅಂಗಡಿಯ ವ್ಯವಹಾರವನ್ನೇ ಯಾರೋ ಬರೆದಿಟ್ಟ ಹಾಗೆ ಅನ್ನಿಸಿತು. ಅದಕ್ಕೂ ಮೊದಲು, 2013ರಲ್ಲಿ, ಸೈನ್ಸ್ ಪತ್ರಿಕೆಗಾಗಿ ಜಾನ್ ಬೊಹಾನನ್ ಅನ್ನುವ ಪತ್ರಕರ್ತ ಬೇಕಂತಲೇ ತಪ್ಪು ತುಂಬಿದ ಒಂದು ಸುಳ್ಳು ಪೇಪರ್ ತಯಾರಿಸಿ 304 ಜರ್ನಲ್‌ಗಳಿಗೆ ಕಳಿಸಿದ್ದ. 157 ಜರ್ನಲ್‌ಗಳು ಒಪ್ಪಿಕೊಂಡವು. ಭಾರತದಲ್ಲಿದ್ದ ಜರ್ನಲ್‌ಗಳ ಪೈಕಿ 64 ಒಪ್ಪಿಕೊಂಡರೆ, ಬೇಡ ಅಂದದ್ದು 15 ಮಾತ್ರ. ನಾಚಿಕೆಯ ಲೆಕ್ಕ ಅದು.

ಹಾಗಂತ ದೊಡ್ಡ ಕಂಪನಿ, ವಿದೇಶಿ ಹೆಸರು ಅಂದ ಕೂಡಲೇ ಎಲ್ಲಾ ಸರಿ ಇರುತ್ತದೆ ಅಂತಲೂ ನಾನು ಹೇಳುವುದಿಲ್ಲ. ಎಲ್ಸೆವಿಯರ್ ಅನ್ನುವ ದೊಡ್ಡ ಪ್ರಕಾಶನ ಕಂಪನಿಯ ಒಂದು ಜರ್ನಲ್ ಇದೆ, ‘ಕೇಆಸ್, ಸಾಲಿಟಾನ್ಸ್ ಅಂಡ್ ಫ್ರಾಕ್ಟಲ್ಸ್’ ಅಂತ. ಅದಕ್ಕೆ ಪ್ರಧಾನ ಸಂಪಾದಕರಾಗಿದ್ದ ಮೊಹಮದ್ ಎಲ್ ನಾಶಿ ತಮ್ಮದೇ ಜರ್ನಲ್‌ನಲ್ಲಿ ತಮ್ಮದೇ ಪೇಪರ್‌ಗಳನ್ನು ನೂರರ ಲೆಕ್ಕದಲ್ಲಿ ಹಾಕಿಕೊಂಡಿದ್ದರು. 2008ರ ಡಿಸೆಂಬರ್ ಸಂಚಿಕೆಯ 36 ಪೇಪರ್‌ಗಳಲ್ಲಿ ಐದು ಅವರವೇ. ನೇಚರ್ ಪತ್ರಿಕೆ ಅದನ್ನು ಬರೆದಾಗ ಅವರು ಮಾನನಷ್ಟ ಕೇಸು ಹಾಕಿದರು. 2012ರಲ್ಲಿ ಲಂಡನ್ನಿನ ಕೋರ್ಟಿನಲ್ಲಿ ಸೋತರು. ಇನ್ನೊಂದು, ಹಿಂದಾವಿ ಅನ್ನುವ ಜರ್ನಲ್ ಪ್ರಕಾಶನ ಕಂಪನಿ. ಅದನ್ನು ವೈಲಿ ಕಂಪನಿ 2021ರಲ್ಲಿ ಸುಮಾರು 30 ಕೋಟಿ ಡಾಲರ್ ಕೊಟ್ಟು ಕೊಂಡಿತು. ಆಮೇಲೆ ನೋಡಿದರೆ ‘ಸ್ಪೆಷಲ್ ಇಶ್ಯೂ’ ಹೆಸರಿನಲ್ಲಿ, ಅತಿಥಿ ಸಂಪಾದಕರ ಮೂಲಕ, ಪೇಪರ್ ಮಿಲ್‌ಗಳ ಸರಕು ರಾಶಿ ರಾಶಿ ಒಳಗೆ ಬಂದಿತ್ತು. 2023 ಒಂದೇ ವರ್ಷದಲ್ಲಿ ಹಿಂದಾವಿಯ 8,000ಕ್ಕೂ ಜಾಸ್ತಿ ಪೇಪರ್ ರಿಟ್ರಾಕ್ಟ್ ಆದವು. ಹಿಂದಾವಿ ಅನ್ನುವ ಹೆಸರನ್ನೇ ವೈಲಿ ಕೈಬಿಟ್ಟಿತು.

ಆದರೆ ಒಂದು ವ್ಯತ್ಯಾಸ ಇದೆ, ನನಗೆ ಈ ರಿವ್ಯೂನಲ್ಲಿ ಹೇಳಬೇಕಾಗಿರುವುದೇ ಅದು. ಅಲ್ಲಿ ತಪ್ಪು ಹಿಡಿಯಲು ದಾರಿ ಇತ್ತು. ಸಂಪಾದಕರು ಯಾರು ಅಂತ ಗೊತ್ತಿತ್ತು, ಕಂಪನಿಯ ಬಾಗಿಲು ಎಲ್ಲಿದೆ ಅಂತ ಗೊತ್ತಿತ್ತು, ಹೊರಗಿನ ಸಂಶೋಧಕರು ಪೇಪರ್ ನಂಬರ್ ಸಮೇತ ಕೂಗಿ ಹೇಳಿದರು, ತಡವಾದರೂ ಆ ಪೇಪರ್‌ಗಳ ಮೇಲೆ ಮುದ್ರೆ ಬಿತ್ತು. ಪೂರ್ತಿ ನ್ಯಾಯ ಆಯಿತು ಅಂತಲ್ಲ. ಆದರೆ ಹಿಡಿದು ಕೇಳಲು ಒಂದು ಕೊರಳಪಟ್ಟಿ ಇತ್ತು. ನಮ್ಮ ಅಂಗಡಿ ಕಳಿಸಿದ ಜರ್ನಲ್‌ಗೆ ಅದೇ ಇಲ್ಲ. ಅಂಗಡಿಯವರನ್ನು ಕೇಳಿದರೆ ಜರ್ನಲ್ ಕಡೆ ಕೈ ತೋರಿಸುತ್ತಾರೆ, ಜರ್ನಲ್‌ಗೆ ಫೋನ್ ಮಾಡಿದರೆ ‘ನಿಮ್ಮ ಏಜೆಂಟನ್ನ ಕೇಳಿ’ ಅನ್ನುತ್ತಾರೆ. ಫೀಸು ತಗೊಳ್ಳುವುದು ನನಗೆ ತಪ್ಪು ಅನ್ನಿಸುವುದಿಲ್ಲ. ಒಳ್ಳೆ ಜರ್ನಲ್‌ಗಳೂ ತಗೊಳ್ಳುತ್ತವೆ, ಕೆಲವು ಲಕ್ಷಗಟ್ಟಲೆ ತಗೊಳ್ಳುತ್ತವೆ. ಫೀಸು ಕೊಟ್ಟವರಿಗೆ ಉತ್ತರ ಕೊಡುವವರು ಯಾರು ಅನ್ನುವುದು ನನ್ನ ಪ್ರಶ್ನೆ.

ನನ್ನ ಸಹೋದ್ಯೋಗಿ ಒಬ್ಬರ ಪೇಪರ್ ಒಂದು ಸಣ್ಣ ಜರ್ನಲ್‌ನಲ್ಲಿ ಬಂತು. ಒಂದು ಪೈಸೆ ತಗೊಳ್ಳಲಿಲ್ಲ. ತಿಂಗಳುಗಟ್ಟಲೆ ಕಾಯಿಸಿದರು, ಅದು ಬೇಜಾರೇ. ಆದರೆ ರಿವ್ಯೂ ಬಂದಾಗ ಪುಟಗಟ್ಟಲೆ ಪ್ರಶ್ನೆ: ಈ ಹಳ್ಳಿಯನ್ನೇ ಯಾಕೆ ಆರಿಸಿದಿರಿ, ಗಂಡಸರು ಇಲ್ಲದಾಗ ಹೆಂಗಸರನ್ನು ಮಾತಾಡಿಸಿದಿರಾ, ಈ ಅಂಕಿ ಎಲ್ಲಿಂದ ಬಂತು. ಅವರಿಗೆ ಸಿಟ್ಟು ಬಂತು, ಆಮೇಲೆ ಕೂತು ಎಲ್ಲಾ ತಿದ್ದಿದರು. ಪೇಪರ್ ನಿಜಕ್ಕೂ ಚೆನ್ನಾಯಿತು. ಅಚ್ಚಿನಲ್ಲಿ ಒಂದು ಅಂಕಿ ತಪ್ಪಿತ್ತು, ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಹಾಕಿದರು. ಇದಪ್ಪಾ ಸರ್ವಿಸ್ ಅಂದರೆ.

ನಿಯಮಗಳ ಬಗ್ಗೆಯೂ ಎರಡು ಮಾತು ಹೇಳಬೇಕು, ಯಾಕಂದರೆ ಅಂಗಡಿಯವರು ಭಯ ಹುಟ್ಟಿಸುವುದೇ ನಿಯಮದ ಹೆಸರಿನಲ್ಲಿ. ‘ಪೇಪರ್ ಇಲ್ಲಾಂದ್ರೆ ಥೀಸಿಸ್ ತಗೊಳ್ಳಲ್ಲ’ ಅಂತ ಹೇಳಿ ಹುಡುಗರನ್ನು ಅವಸರಕ್ಕೆ ಬೀಳಿಸುತ್ತಾರೆ. ಯೂನಿವರ್ಸಿಟಿಗಳಿಗೆ ನಿಯಮ ಮಾಡುವ ಯುಜಿಸಿಯ 2016ರ ನಿಯಮದಲ್ಲಿ ಥೀಸಿಸ್ ಕೊಡುವ ಮೊದಲು ಒಂದು ಪೇಪರ್ ಕಡ್ಡಾಯ ಇತ್ತು, ನಿಜ. 2022ರ ನವೆಂಬರ್‌ನಲ್ಲಿ ಬಂದ ಹೊಸ ನಿಯಮದಲ್ಲಿ ಆ ಕಡ್ಡಾಯ ಇಲ್ಲ. ಯೂನಿವರ್ಸಿಟಿಗಳು ತಮ್ಮದೇ ನಿಯಮ ಇಟ್ಟುಕೊಂಡಿರಬಹುದು, ಅದನ್ನು ನಿಮ್ಮ ಗೈಡ್ ಹತ್ತಿರ, ಯೂನಿವರ್ಸಿಟಿ ಆಫೀಸಿನಲ್ಲಿ ಕೇಳಿ ತಿಳಿದುಕೊಳ್ಳಿ, ಅಂಗಡಿಯ ಕೌಂಟರ್‌ನಲ್ಲಿ ಅಲ್ಲ. ಹಾಗೇ ‘ಯುಜಿಸಿ ಅಪ್ರೂವ್ಡ್’ ಅನ್ನುವ ಬೋರ್ಡು. 2018ರ ಮೇನಲ್ಲಿ ಯುಜಿಸಿ ತನ್ನ ಪಟ್ಟಿಯಿಂದ 4,305 ಜರ್ನಲ್‌ಗಳನ್ನು ತೆಗೆದು ಹಾಕಿತು. ಆಮೇಲೆ ಕೇರ್ ಲಿಸ್ಟ್ ಅಂತ, ಒಪ್ಪಬಹುದಾದ ಜರ್ನಲ್‌ಗಳ ಹೊಸ ಪಟ್ಟಿ ಮಾಡಿತು. 2025ರ ಫೆಬ್ರವರಿಯಲ್ಲಿ ಆ ಕೇರ್ ಲಿಸ್ಟನ್ನೂ ನಿಲ್ಲಿಸಿ, ಜರ್ನಲ್ ಒಳ್ಳೆಯದೋ ಕೆಟ್ಟದ್ದೋ ಅಂತ ನೋಡುವ ಹೊಣೆಯನ್ನು ವಿದ್ಯಾಸಂಸ್ಥೆಗಳಿಗೆ ಬಿಟ್ಟಿತು. ಅಂದರೆ ಈಗ ಯಾರಾದರೂ ‘ಕೇರ್ ಲಿಸ್ಟ್‌ನಲ್ಲಿದೆ ಮೇಡಂ’ ಅಂದರೆ, ಇಲ್ಲದ ಪಟ್ಟಿಯ ಹೆಸರು ಹೇಳುತ್ತಿದ್ದಾರೆ ಅಂತ ಅರ್ಥ. ಹೊಣೆ ಕೊಟ್ಟದ್ದು ಸರಿ, ಆದರೆ ಅತಿಥಿ ಉಪನ್ಯಾಸಕರೇ ತುಂಬಿರುವ ನಮ್ಮ ಕಾಲೇಜುಗಳಲ್ಲಿ ಅದನ್ನು ಕೂತು ನೋಡುವವರು ಯಾರು ಅನ್ನುವುದು ನನಗೆ ಚಿಂತೆ.

ಐಎಸ್‌ಎಸ್‌ಎನ್ ನಂಬರ್ ನೋಡಿ ಮರುಳಾಗಬೇಡಿ. ಅದು ಪತ್ರಿಕೆಯನ್ನು ಗುರುತಿಸುವ ನಂಬರ್ ಅಷ್ಟೇ, ಒಳಗೆ ಏನಿದೆ ಅಂತ ನೋಡಿ ಕೊಡುವುದಿಲ್ಲ. ಇಂಪ್ಯಾಕ್ಟ್ ಫ್ಯಾಕ್ಟರ್ ಅಂತ ಹೇಳಿದರೆ ಆ ಅಳತೆಯನ್ನು ಲೆಕ್ಕ ಹಾಕುವ ಕ್ಲಾರಿವೇಟ್ ಕಂಪನಿಯ ಪಟ್ಟಿಯಲ್ಲಿ ಇದೆಯಾ ಅಂತ ಕೇಳಿ. ನಮ್ಮವಳ ಪೇಪರಿಗೆ ಡಿಒಐ, ಅಂದರೆ ಆನ್‌ಲೈನ್‌ನಲ್ಲಿ ಪೇಪರನ್ನು ಗುರುತಿಸುವ ನಂಬರ್, ಅಂತ ಒಂದು ಕೊಟ್ಟಿದ್ದರು. ನಿಜವಾದ ಡಿಒಐ 10 ಅಂತಲೇ ಶುರುವಾಗುತ್ತದೆ, ಅದರ ವೆಬ್‌ಸೈಟಿನಲ್ಲಿ ಹಾಕಿದರೆ ನೇರ ಪೇಪರಿಗೆ ಹೋಗುತ್ತದೆ. ಇದು ಎಲ್ಲಿಗೂ ಹೋಗಲಿಲ್ಲ. ಎಡಿಟೋರಿಯಲ್ ಬೋರ್ಡಿನಲ್ಲಿ ಪರಿಚಯದವರ ಹೆಸರು ಕಂಡರೆ ಅವರಿಗೇ ಒಂದು ಫೋನ್ ಮಾಡಿ. ಹೆಸರುವಾಸಿ ಜರ್ನಲ್‌ನ ಹೆಸರನ್ನೇ ಕದ್ದು ನಕಲಿ ವೆಬ್‌ಸೈಟ್ ಮಾಡುವವರೂ ಇದ್ದಾರೆ, ಅಂಥವುಗಳ ಪಟ್ಟಿಯನ್ನು, ರಿಟ್ರಾಕ್ಟ್ ಆದ ಪೇಪರ್‌ಗಳ ಬಗ್ಗೆ ಬರೆಯುವ ರಿಟ್ರಾಕ್ಷನ್ ವಾಚ್ ವೆಬ್‌ಸೈಟಿನವರು ಇಟ್ಟಿದ್ದಾರೆ, ಪುಕ್ಕಟೆ ನೋಡಬಹುದು. ಜರ್ನಲ್ ಕೋಪ್ ಸದಸ್ಯನಾ ಅಂತಲೂ ನೋಡಿ. ಅದು 1997ರಲ್ಲಿ ಇಂಗ್ಲೆಂಡಿನಲ್ಲಿ ಸಂಪಾದಕರೇ ಸೇರಿ ಮಾಡಿಕೊಂಡ, ಪ್ರಕಟಣೆಯ ನೀತಿ ನಿಯಮ ನೋಡುವ ಸಮಿತಿ. ಸದಸ್ಯ ಜರ್ನಲ್ ಮೊದಲು ತಾನೇ ನಿಮ್ಮ ದೂರು ಕೇಳಬೇಕು, ಕೇಳದಿದ್ದರೆ ಆ ಸಮಿತಿಗೆ ಬರೆಯಬಹುದು. ನಮ್ಮ ಜರ್ನಲ್ ಅದರಲ್ಲಿ ಇಲ್ಲ, ಹಾಗಾಗಿ ಆ ಬಾಗಿಲು ನಮಗೆ ಮುಚ್ಚಿದೆ.

ಇಷ್ಟಾದರೂ ನಾವು ಬಿಟ್ಟಿಲ್ಲ. ಆ 8,000 ರೂಪಾಯಿ ಕೊಡಬೇಡ ಅಂತ ಅವಳಿಗೆ ಹೇಳಿದ್ದೇನೆ, ಕೊಟ್ಟರೂ ತೆಗೆಯುತ್ತಾರೆ ಅನ್ನುವ ನಂಬಿಕೆ ಇಲ್ಲ. ಗೈಡ್ ಮೂಲಕ ಯೂನಿವರ್ಸಿಟಿಗೆ ಲಿಖಿತ ಪತ್ರ ಹೋಗಿದೆ: ಒಪ್ಪಿಗೆ ಇಲ್ಲದೆ ಮೂರನೇ ಹೆಸರು ಸೇರಿದೆ, ಈ ಪೇಪರನ್ನು ಲೆಕ್ಕಕ್ಕೆ ಹಿಡಿಯಬೇಡಿ ಅಂತ. ಮುಂದೆ ಬೇರೆ ಜರ್ನಲ್‌ಗೆ ಕಳಿಸುವಾಗ ನಡೆದದ್ದನ್ನೆಲ್ಲಾ ಮುಚ್ಚಿಡದೆ ಸಂಪಾದಕರಿಗೆ ಬರೆಯುವುದು ಅಂತ ತೀರ್ಮಾನ ಮಾಡಿದ್ದೇವೆ. ಅವರು ಒಪ್ಪುತ್ತಾರೋ ಬಿಡುತ್ತಾರೋ ಅವರಿಗೆ ಬಿಟ್ಟದ್ದು. ಅಂಗಡಿ ಮೇಲೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತಿದ್ದೇವೆ. ದುಡ್ಡು ತಗೊಂಡು ಪೀರ್ ರಿವ್ಯೂ ಮಾಡಿಸುತ್ತೇವೆ ಅಂತ ಹೇಳಿ ಮಾಡಿಸದೇ ಇರುವುದು ಸೇವೆಯ ಕೊರತೆಯೇ ಅಲ್ವಾ. ಸೇವೆಗೆ ಕೊಟ್ಟ ಮೊತ್ತ 5 ಲಕ್ಷದ ಒಳಗಿದ್ದರೆ ಅಲ್ಲಿ ದೂರಿಗೆ ಫೀಸು ಇಲ್ಲ. 1915ಕ್ಕೆ ಫೋನ್ ಮಾಡಿದರೆ ಗ್ರಾಹಕ ಸಹಾಯವಾಣಿಯವರು ದಾರಿ ಹೇಳುತ್ತಾರೆ.

ನಿಮಗೂ ಹೀಗೆ ಆಗಿದ್ದರೆ ಫೋನ್‌ಪೇ ರಸೀದಿ, ಅಕ್ಸೆಪ್ಟ್ ಪತ್ರ, ರಿವ್ಯೂ ಫಾರಂ, ವಾಟ್ಸಾಪ್ ಮಾತುಕತೆ ಯಾವುದನ್ನೂ ಡಿಲೀಟ್ ಮಾಡಬೇಡಿ. ಮುಖ್ಯವಾಗಿ, ಅವರಿಗೆ ದೂರು ಹೇಳುವ ಮೊದಲೇ ವೆಬ್‌ಸೈಟಿನಲ್ಲಿರುವ ಪಿಡಿಎಫ್ ಇಳಿಸಿ ಇಟ್ಟುಕೊಳ್ಳಿ. ನಮ್ಮ ಹತ್ತಿರ ಮೊದಲಿನದ್ದೂ ಇದೆ, ತಿದ್ದಿದ್ದೂ ಇದೆ. ಎರಡನ್ನೂ ದೂರಿನ ಜೊತೆ ಲಗತ್ತಿಸುತ್ತಿದ್ದೇವೆ.